ಒಂದು ಹಾಲ್, ಎರಡು ಲೆಕ್ಕ: ಗಾಢ ಬಣ್ಣಕ್ಕೆಷ್ಟು, ದಿನದ ಸುಖಕ್ಕೆಷ್ಟು

12 ಅಡಿ ಅಗಲ, 16 ಅಡಿ ಉದ್ದ, 10 ಅಡಿ ಎತ್ತರ. 30×40 ಸೈಟಿನಲ್ಲಿ ಕಟ್ಟಿಸಿದ ಮನೆಯ ಹಾಲ್ ಹೆಚ್ಚುಕಡಿಮೆ ಈ ಅಳತೆಯಲ್ಲಿರುತ್ತದೆ. ನೆಲ 192 ಚದರಡಿ, ಮೇಲ್ಛಾವಣಿ 192 ಚದರಡಿ, ನಾಲ್ಕು ಗೋಡೆ ಸೇರಿ 560 ಚದರಡಿ, ಒಟ್ಟು 944 ಚದರಡಿ. ಒಳಾಂಗಣಕ್ಕೆ ಕೂಡಿಟ್ಟ ದುಡ್ಡನ್ನು ಈ 944 ಚದರಡಿಯ ಮೇಲೂ ಅದರೊಳಗೆ ಇಡುವ ಸಾಮಾನಿನ ಮೇಲೂ ಹೇಗೆ ಹಂಚುತ್ತೇವೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ನೆಮ್ಮದಿ ನಿಂತಿದೆ.

ಎದ್ದು ಕಾಣುವ ಬಣ್ಣ, ದೊಡ್ಡ ಚಿತ್ತಾರ, ಹೊಳೆಯುವ ನೆಲ ಬೇಕೆನ್ನುವವರಿಗೆ ಬೇಡ ಎನ್ನುವುದು ಈ ವರದಿಯ ಉದ್ದೇಶವಲ್ಲ. ಮನೆಗೊಂದು ಮುಖ ಬೇಕು, ಎಲ್ಲರ ಮನೆಯಂತೆ ನಮ್ಮ ಮನೆಯೂ ಇರಬೇಕಾಗಿಲ್ಲ. ಆದರೆ ಕಣ್ಣಿಗೆ ಹಬ್ಬವಾಗುವ ಸಂಗತಿಗಳು ಸ್ವಲ್ಪ ಜಾಗದಲ್ಲೇ ತಮ್ಮ ಕೆಲಸ ಮಾಡಿ ಮುಗಿಸುತ್ತವೆ. ಮೈಗೆ ಸುಖ ಕೊಡುವ ಸಂಗತಿಗಳು ಹಾಗಲ್ಲ, ಅವುಗಳಲ್ಲಿ ಕಡಿತ ಮಾಡಿದರೆ ದಿನಾ ಗೊತ್ತಾಗುತ್ತದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಖರ್ಚು ಇದಕ್ಕೆ ತಿರುಗುಮುರುಗಾಗಿ ಹೋಗುತ್ತಿದೆ. ಅದನ್ನು ಅಳತೆ ಹಿಡಿದು ತೋರಿಸುವುದು ಇಲ್ಲಿನ ಪ್ರಯತ್ನ.

ಒಂದು ಮಾತು ಮೊದಲೇ ಹೇಳಬೇಕು. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದ ಮಾದರಿ ದರಗಳು. ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಅವು ಬೇರೆಯಾಗುತ್ತವೆ. ಅಳತೆ ಮತ್ತು ಪ್ರಮಾಣ ಮಾತ್ರ ಎಲ್ಲಿಯೂ ಅವೇ. ನಿಮ್ಮ ಊರಿನ ದರ ಹಾಕಿ ಗುಣಿಸಿಕೊಂಡರೆ ನಿಮ್ಮ ಮನೆಯ ಲೆಕ್ಕ ಸಿಗುತ್ತದೆ.

ಬಣ್ಣ: ಒಂದು ಗೋಡೆಗೆ ಒಂದೂವರೆ ಲೀಟರ್

560 ಚದರಡಿ ಗೋಡೆಯಲ್ಲಿ ಬಾಗಿಲು, ಕಿಟಕಿಗಳಿಗೆ 80 ಚದರಡಿ ಕಳೆದರೆ ಬಣ್ಣ ಬಳಿಯಲು ಉಳಿಯುವುದು 480. ಪುಟ್ಟಿ ಹಾಕಿ ನಯ ಮಾಡಿದ ಗೋಡೆಗೆ ಒಳಾಂಗಣದ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ ಸುಮಾರು 120 ಚದರಡಿ ಬರುತ್ತದೆ ಎಂದು ಹಿಡಿಯೋಣ. ತಿಳಿ ಬಣ್ಣವಾದರೆ ಇಡೀ ಹಾಲ್‌ಗೆ 4 ಲೀಟರ್ ಸಾಕು. ಗಾಢ ಬಣ್ಣಕ್ಕೆ ಅನೇಕ ಸಲ ಮೂರನೇ ಕೋಟು ಬೇಕಾಗುತ್ತದೆ, ಆಗ 6 ಲೀಟರ್. 12 ಅಡಿಯ ಒಂದೇ ಗೋಡೆಗೆ, ಅಂದರೆ 120 ಚದರಡಿಗೆ, ಮೂರು ಕೋಟು ಹೊಡೆದರೂ ಒಂದೂವರೆ ಲೀಟರಿನಲ್ಲಿ ಮುಗಿಯುತ್ತದೆ.

ಎಲ್ಲ ಗಾಢ ಬಣ್ಣಗಳೂ ಒಂದೇ ರೀತಿ ಮುಚ್ಚುವುದಿಲ್ಲ. ಕಾವಿ, ಇಟ್ಟಿಗೆ ಕೆಂಪು, ಮಣ್ಣಿನ ಕಂದು ಇವುಗಳಲ್ಲಿರುವುದು ಕಬ್ಬಿಣದ ಆಕ್ಸೈಡ್. ಅದಕ್ಕೆ ಹಳೆಯ ಬಣ್ಣವನ್ನು ಮುಚ್ಚುವ ಶಕ್ತಿ ಹೆಚ್ಚು, ಎರಡು ಕೋಟಿಗೇ ಕೂರುತ್ತದೆ. ಕಣ್ಣು ಕುಕ್ಕುವ ಕಡುಗೆಂಪು, ನಿಂಬೆ ಹಳದಿಗಳ ವರ್ಣದ್ರವ್ಯ ಹೆಚ್ಚು ಪಾರಕ, ಹಾಗಾಗಿ ಮೂರು ಕೋಟಾದರೂ ಕೆಳಗಿನ ಪ್ಯಾಚು ಇಣುಕುವುದುಂಟು. ಹಿಂದೆ ಇಂಥ ಹಳದಿ, ಕೆಂಪುಗಳಿಗೆ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. 2016ರ ಕೇಂದ್ರ ನಿಯಮ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಹೇಳಿತು, 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಹಳೆಯ ಮನೆಯ ಹಳದಿ ಬಾಗಿಲನ್ನೋ ಕೆಂಪು ಕಂಬಿಯನ್ನೋ ಒಣಗಿದ್ದಾಗಲೇ ಉಜ್ಜಿ ಪುಡಿ ಎಬ್ಬಿಸುವ ಮುನ್ನ ಇದು ನೆನಪಿನಲ್ಲಿರಲಿ. ಮನೆಯಲ್ಲಿ ಮಕ್ಕಳಿದ್ದರೆ ಒದ್ದೆ ಮಾಡಿ ಉಜ್ಜಿಸಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಲ್ಲೇ ಒರೆಸಿ ತೆಗೆಸಿ.

ಬೆಳಕು: ಗಾಢ ಗೋಡೆ ಕೇಳುವ ಕಂದಾಯ

ಬಣ್ಣದ ಬಿಲ್ಲಿಗಿಂತ ದೊಡ್ಡ ವ್ಯತ್ಯಾಸ ಕಾಣುವುದು ಬೆಳಕಿನಲ್ಲಿ. ಬಿಳಿ ಮೇಲ್ಛಾವಣಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ತಿಳಿ ಕೆನೆಬಣ್ಣದ ಗೋಡೆ 75, ಸಾಮಾನು ತುಂಬಿದ ತಿಳಿ ಟೈಲ್ಸ್ ನೆಲ 40. ಬಾಟಲ್ ಹಸಿರು, ಕಡುನೀಲಿ ಗೋಡೆ ಕೊಡುವುದು 10ರ ಆಸುಪಾಸು. ಕೆಲವು ಕಂಪನಿಗಳ ಬಣ್ಣದ ಪಟ್ಟಿಯಲ್ಲಿ ಪ್ರತಿ ಬಣ್ಣದ ಜೊತೆ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಅದು ಇದೇ ಪಾಲು.

ಈಗ ಹಾಲ್‌ನಲ್ಲಿ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್ ಹಾಕಿ. ಎರಡೂ ಸೇರಿ ಸುಮಾರು 4,000 ಲ್ಯೂಮೆನ್ ಬೆಳಕು. ಬಾಗಿಲು, ಕಿಟಕಿಯನ್ನೂ ಗೋಡೆಯಾಗಿಯೇ ಎಣಿಸಿ ಸರಳ ಲೆಕ್ಕ ಮಾಡಿದರೆ ಕೋಣೆಯೊಳಗೆ ಬೀಳುವ ಸರಾಸರಿ ಬೆಳಕು ಹೀಗೆ ಬರುತ್ತದೆ:

- ನಾಲ್ಕೂ ಗೋಡೆ ತಿಳಿ ಬಣ್ಣ: ಸುಮಾರು 145 ಲಕ್ಸ್
- ಒಂದು ಗೋಡೆ ಗಾಢ, ಮೂರು ತಿಳಿ: ಸುಮಾರು 115 ಲಕ್ಸ್
- ನಾಲ್ಕೂ ಗೋಡೆ ಗಾಢ: ಸುಮಾರು 65 ಲಕ್ಸ್

ಓಡಾಟಕ್ಕೆ, ಮಾತುಕತೆಗೆ 100ರಿಂದ 150 ಲಕ್ಸ್ ಸಾಕು. ಓದಲು, ಹೊಲಿಯಲು 300ರಷ್ಟು ಬೇಕು. ಒಂದು ಗೋಡೆ ಗಾಢವಾದಾಗ ಹಾಲ್ ಇನ್ನೂ ಹಾಲ್ ಆಗಿಯೇ ಉಳಿಯುತ್ತದೆ, ಬೆಳಕು ಐದನೇ ಒಂದು ಪಾಲು ತಗ್ಗುತ್ತದೆ ಅಷ್ಟೆ. ಕುರ್ಚಿಯ ಪಕ್ಕಕ್ಕೆ 9 ವ್ಯಾಟಿನ ಓದುವ ದೀಪವೊಂದನ್ನು ಇಟ್ಟರೆ ಆ ಕೊರತೆ ಮರೆತೇ ಹೋಗುತ್ತದೆ. ನಾಲ್ಕೂ ಗೋಡೆ ಗಾಢವಾದರೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಗೋಡೆಗಳೇ ಕುಡಿದುಬಿಡುತ್ತವೆ. ಮೊದಲಿನ ಮಟ್ಟಕ್ಕೆ ತರಲು 40 ವ್ಯಾಟಿನ ಜಾಗದಲ್ಲಿ 90 ವ್ಯಾಟ್ ಉರಿಸಬೇಕು.

ಕರೆಂಟ್ ಬಿಲ್ಲಿಗೆ ಇದರಿಂದ ಭಾರಿ ಹೊರೆಯೇನೂ ಇಲ್ಲ. ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ 40 ವ್ಯಾಟಿಗೆ 73 ಯೂನಿಟ್, 90 ವ್ಯಾಟಿಗೆ 164 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಅಂತರ ವರ್ಷಕ್ಕೆ 550 ರೂಪಾಯಿಯ ಹತ್ತಿರ. ನಿಜವಾದ ನಷ್ಟ ಹಗಲಿನಲ್ಲಿ. ಒತ್ತಿನಲ್ಲೇ ಪಕ್ಕದ ಮನೆ ಎದ್ದಿರುವ ನಗರದ ಮನೆಗಳಿಗೆ ಕಿಟಕಿಯಿಂದ ಬರುವ ಬೆಳಕು ಮೊದಲೇ ಕಮ್ಮಿ. ಬಂದಷ್ಟನ್ನೂ ಗೋಡೆ ನುಂಗಿದರೆ ಮಧ್ಯಾಹ್ನವೂ ಸ್ವಿಚ್ ಹಾಕಬೇಕು, ಮನೆಯಲ್ಲೇ ಇರುವ ಹಿರಿಯರು ದಿನವಿಡೀ ಮಬ್ಬಿನಲ್ಲಿ ಕೂರಬೇಕು.

ಯಾವ ಗೋಡೆಗೆ ಗಾಢ ಬಣ್ಣ ಎಂಬುದೂ ಮುಖ್ಯ. ಕಿಟಕಿಗೆ ಎದುರಿನ ಗೋಡೆ ಬೆಳಕನ್ನು ಒಳಕ್ಕೆ ಹಂಚುತ್ತದೆ, ಅದನ್ನು ತಿಳಿಯಾಗಿಯೇ ಬಿಡಿ. ಕಿಟಕಿ ಇರುವ ಗೋಡೆ ಗಾಢವಾದರೆ ಕಿಟಕಿಯ ಪ್ರಖರತೆ ಕಣ್ಣಿಗೆ ಹೊಡೆಯುತ್ತದೆ. ಉಳಿದದ್ದು ಪಕ್ಕದ ಗೋಡೆ. ಅದೇ ಸರಿಯಾದ ಜಾಗ.

ನೆಲ: ಕಾವಿ ನೆಲದವರ ಲೆಕ್ಕ ಸರಿಯಾಗಿತ್ತು

ನಮ್ಮ ತೊಟ್ಟಿ ಮನೆಗಳಲ್ಲಿ, ಕರಾವಳಿ-ಮಲೆನಾಡಿನ ಹಳೆಯ ಮನೆಗಳಲ್ಲಿ ಧೈರ್ಯದ ಬಣ್ಣವೆಲ್ಲ ಕಾಲಡಿ ಇತ್ತು. ಉಜ್ಜಿ ಉಜ್ಜಿ ಕನ್ನಡಿಯಾದ ರೆಡ್ ಆಕ್ಸೈಡ್ ನೆಲ, ಅಂಚಿಗೆ ಕಪ್ಪು ಪಟ್ಟಿ, ಕಪ್ಪು ಮರದ ಕಂಬ. ಗೋಡೆ ಮಾತ್ರ ಸುಣ್ಣದ ಬಿಳಿ. ಮೇಲಿನ ಲೆಕ್ಕವನ್ನೇ ಇದಕ್ಕೂ ಹಾಕಿದರೆ ಆ ಹಿರಿಯರ ಆಯ್ಕೆ ಎಷ್ಟು ಜಾಣತನದ್ದೆಂದು ಗೊತ್ತಾಗುತ್ತದೆ. ನಮ್ಮ ಹಾಲ್‌ನ ಇಡೀ 192 ಚದರಡಿ ನೆಲವನ್ನು ಕೆಂಪಾಗಿಸಿ, ಗೋಡೆಗಳನ್ನು ತಿಳಿಯಾಗಿ ಬಿಟ್ಟರೆ ಬೆಳಕು 145ರಿಂದ ಸುಮಾರು 125 ಲಕ್ಸ್‌ಗೆ ಇಳಿಯುತ್ತದೆ. 120 ಚದರಡಿಯ ಒಂದು ಗೋಡೆಯನ್ನು ಗಾಢವಾಗಿಸಿದರೆ 115ಕ್ಕೆ ಇಳಿದಿತ್ತು. ಹೆಚ್ಚು ಜಾಗಕ್ಕೆ ಬಣ್ಣ ಕೊಟ್ಟರೂ ಕಳೆದುಕೊಳ್ಳುವ ಬೆಳಕು ಕಡಿಮೆ. ಸಾಮಾನು, ನೆರಳುಗಳಿಂದ ನೆಲ ಹೇಗೂ ಅಷ್ಟು ಬೆಳಕು ಹಿಂದಿರುಗಿಸುವುದಿಲ್ಲ, ಹಾಗಾಗಿ ಅಲ್ಲಿ ಗಾಢ ಬಣ್ಣ ಹಾಕಿದರೆ ತೆರುವುದು ಸ್ವಲ್ಪವೇ.

ರೆಡ್ ಆಕ್ಸೈಡ್ ನೆಲಕ್ಕೆ ಬೇಕಾದ ಸಾಮಗ್ರಿ ಸಿಮೆಂಟ್, ಮರಳು, ಆಕ್ಸೈಡ್ ಪುಡಿ. ದುಬಾರಿಯಾದದ್ದು ಕೈಕೆಲಸ. ಒಂದೇ ಹದದಲ್ಲಿ ಕಲಸಿ, ಒಂದೇ ಬೀಸಿನಲ್ಲಿ ಎಳೆದು, ಬಿರುಕು ಬಾರದಂತೆ ನೀರುಣಿಸಿ, ದಿನಗಟ್ಟಲೆ ಉಜ್ಜುವ ಗಾರೆಯವರು ಸಿಕ್ಕರೆ ಮಾತ್ರ ಅದಕ್ಕೆ ಕೈಹಾಕಿ.

ಚಿತ್ತಾರದ ನೆಲ ಬೇಕೆನ್ನುವವರು ಈಗ ಅತ್ತಂಗುಡಿ ಟೈಲ್ಸ್ ತರಿಸುತ್ತಾರೆ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಅತ್ತಂಗುಡಿಯಲ್ಲಿ ಗಾಜಿನ ಹಾಳೆಯ ಮೇಲೆ ಬಣ್ಣದ ಸಿಮೆಂಟ್ ಸುರಿದು ಕೈಯಲ್ಲೇ ಮಾಡುವ ಟೈಲ್ಸ್ ಇವು, ಗೂಡಿನಲ್ಲಿ ಸುಡುವುದಿಲ್ಲ. 8 ಅಂಗುಲದ ಚೌಕವಾದರೆ ಚದರಡಿಗೆ ಎರಡೂಕಾಲು ಬೇಕು. ಇಡೀ ಹಾಲ್‌ಗೆ 432, ಒಡಕಿಗೆ ಶೇ 10 ಸೇರಿಸಿದರೆ 475. ಸೋಫಾದ ಮುಂದೆ ಮಾತ್ರ 6×4 ಅಡಿಯ ಚಾಪೆಯಂತೆ ಕೂರಿಸಿದರೆ 54, ಒಡಕು ಸೇರಿ 60. ಕಣ್ಣು ಹೋಗಿ ನಿಲ್ಲುವುದು ಆ 24 ಚದರಡಿಯ ಮೇಲೇ. ಬಾಡಿಗೆ ಮನೆಯವರಿಗೆ ಅದೇ ಅಳತೆಯ ನವಲಗುಂದದ ಜಮಖಾನ ಇದ್ದೇ ಇದೆ. ನವಿಲು, ಪಗಡೆ ಹಾಸುಗಳ ಆ ದಟ್ಟ ಬಣ್ಣ ಯಾವ ಹಾಲ್‌ಗೂ ಮುಖ ಕೊಡುತ್ತದೆ, ಮನೆ ಬದಲಾದರೆ ಸುತ್ತಿ ಒಯ್ಯಬಹುದು.

ಬಚ್ಚಲು, ಹಿತ್ತಿಲ ಬಾಗಿಲು, ಮೆಟ್ಟಿಲು ಇವಿಷ್ಟರಲ್ಲಿ ಹೊಳಪಿನ ಟೈಲ್ಸ್ ಬೇಡ. ಅಲ್ಲಿ ಮ್ಯಾಟ್ ಟೈಲ್ಸನ್ನೇ ಹಾಕಿ. ಜಾರಿ ಬಿದ್ದ ಸೊಂಟದ ಚಿಕಿತ್ಸೆಯ ಖರ್ಚನ್ನು ಯಾವ ಟೈಲ್ಸಿನ ಚೆಂದವೂ ತುಂಬಿಕೊಡುವುದಿಲ್ಲ.

ವಾಲ್‌ಪೇಪರ್: ದೊಡ್ಡ ಹೂವಿಗೆ ಒಂದು ರೋಲ್ ಹೆಚ್ಚು

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ರೋಲ್ 21 ಅಂಗುಲ ಅಗಲ, 33 ಅಡಿ ಉದ್ದ, ಅಂದರೆ ಸುಮಾರು 57 ಚದರಡಿ. 120 ಚದರಡಿ ಗೋಡೆಗೆ ಎರಡು ರೋಲ್ ತಂದು ಒಂದಿಷ್ಟು ಹೊಂದಿಸಿದರಾಯಿತು ಎನಿಸುತ್ತದೆ. ಪಟ್ಟಿ ಎಣಿಸಿದರೆ ಬೇರೆ. 12 ಅಡಿ ಅಗಲಕ್ಕೆ 21 ಅಂಗುಲದ 7 ಪಟ್ಟಿ ಬೇಕು. 10 ಅಡಿ ಎತ್ತರಕ್ಕೆ ಅಂಚು ಸೇರಿ ಹತ್ತೂವರೆ ಅಡಿ ಕತ್ತರಿಸಿದರೆ ರೋಲಿಗೆ 3 ಪಟ್ಟಿ ಬರುತ್ತದೆ, ಒಟ್ಟು 3 ರೋಲ್. ಚಿತ್ತಾರ 2 ಅಡಿಗೊಮ್ಮೆ ಮರುಕಳಿಸುವ ದೊಡ್ಡ ಹೂವಿನದಾದರೆ ಪಕ್ಕದ ಪಟ್ಟಿಯೊಂದಿಗೆ ಹೂವು ಕೂಡಲು ಪ್ರತಿ ಪಟ್ಟಿಗೆ 12 ಅಡಿ ಬಿಡಬೇಕು. ರೋಲಿಗೆ ಬರುವುದು ಎರಡೇ ಪಟ್ಟಿ, ಒಟ್ಟು 4 ರೋಲ್. ಆರ್ಡರ್ ಕೊಡುವ ಮುನ್ನ ಅಂಗಡಿಯವರನ್ನು ಚಿತ್ತಾರ ಎಷ್ಟು ಅಂಗುಲಕ್ಕೆ ಮರುಕಳಿಸುತ್ತದೆ ಎಂದು ಕೇಳಿ. ಕೆಳಮಹಡಿಯ ತೇವದ ಗೋಡೆಗೆ ಮಾತ್ರ ವಾಲ್‌ಪೇಪರ್ ಅಂಟಿಸಬೇಡಿ.

ಸೋಫಾ: ಒಂದು ಕೆಜಿ ಫೋಮಿನ ಪ್ರಶ್ನೆ

ಮೂರು ಜನ ಕೂರುವ ಸೋಫಾದ ಸೀಟು 6 ಅಡಿ ಉದ್ದ, 22 ಅಂಗುಲ ಆಳ, 5 ಅಂಗುಲ ದಪ್ಪ ಎಂದುಕೊಳ್ಳಿ. ಗಾತ್ರ 0.13 ಘನ ಮೀಟರ್. 32 ಡೆನ್ಸಿಟಿಯ ಫೋಮಾದರೆ 4.2 ಕೆಜಿ, 40 ಡೆನ್ಸಿಟಿಯದಾದರೆ 5.2 ಕೆಜಿ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ, ಅಷ್ಟೇ. ಬೇಗ ಕುಸಿದು ಗುಂಡಿ ಬೀಳುವ ಸೀಟಿಗೂ ವರ್ಷಗಟ್ಟಲೆ ನಿಲ್ಲುವ ಸೀಟಿಗೂ ಇರುವ ಅಂತರ ಒಂದು ಕೆಜಿ. ಕೆಜಿಗೆ 400 ರೂಪಾಯಿ ಹಿಡಿದರೂ 400 ರೂಪಾಯಿ. ಶೋರೂಮಿನಲ್ಲಿ ಬಟ್ಟೆಯ ಬಣ್ಣ ಆರಿಸಲು ಅರ್ಧ ದಿನ ಕೊಡುವವರು ಈ ಒಂದು ಅಂಕಿಯನ್ನು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಸೀಟಿನ ಎತ್ತರ 17-18 ಅಂಗುಲ ಇದ್ದರೆ ಮಂಡಿ ನೋವಿನವರು ಯಾರ ಕೈಯನ್ನೂ ಹಿಡಿಯದೆ ಏಳಬಹುದು. ಆಳ 20-22 ಅಂಗುಲ ಸಾಕು. ಈಗಿನ ಅಗಲವಾದ, ತಗ್ಗಿನ ಸೋಫಾಗಳ ಸೀಟು 26 ಅಂಗುಲದವರೆಗೂ ಇರುತ್ತದೆ. 5 ಅಡಿ 2 ಅಂಗುಲದವರು ಅದರಲ್ಲಿ ಬೆನ್ನು ಒರಗಿಸಿದರೆ ಕಾಲು ನೆಲ ಮುಟ್ಟದು, ಕಾಲೂರಿದರೆ ಬೆನ್ನಿಗೆ ಆಸರೆ ಇಲ್ಲ.

ಜಾಗದ ಲೆಕ್ಕವೂ ಇದೆ. 12 ಅಡಿ ಅಗಲದಲ್ಲಿ ಸೋಫಾ 3 ಅಡಿ, ಕಾಲಾಡಲು ಒಂದೂವರೆ, ಟೀಪಾಯಿ 2, ಟಿವಿ ಯೂನಿಟ್ ಒಂದೂವರೆ, ಒಟ್ಟು 8 ಅಡಿ. ಓಡಾಟಕ್ಕೆ 4 ಅಡಿ ಉಳಿಯಿತು. ಸೋಫಾ ಮೂರೂವರೆ, ಟೀಪಾಯಿ 3 ಅಡಿಯದಾದರೆ ಉಳಿಯುವುದು ಎರಡೂವರೆ ಅಡಿ. ಎದುರುಬದುರು ಬಂದ ಇಬ್ಬರಲ್ಲಿ ಒಬ್ಬರು ನಿಂತು ದಾರಿ ಬಿಡಬೇಕು.

ಬಟ್ಟೆಯಲ್ಲಿ ಧೈರ್ಯ ಎಲ್ಲಿ ತೋರಿಸಬೇಕು? ಸೋಫಾ ಮೈಗೆ 54 ಅಂಗುಲ ಅಗಲದ ಬಟ್ಟೆ ಸುಮಾರು 12 ಮೀಟರ್ ಬೇಕು. 16 ಅಂಗುಲದ ಐದು ಕುಷನ್ ಕವರಿಗೆ 2 ಮೀಟರ್ ಸಾಕು. ಮೀಟರಿಗೆ 600 ರೂಪಾಯಿಯಂತೆ ಒಂದು 7,200, ಇನ್ನೊಂದು 1,200. ಸೋಫಾವನ್ನು ಮಣ್ಣಿನ ಬಣ್ಣದ ಒರಟು ಹತ್ತಿಯಲ್ಲಿ ಬಿಟ್ಟು, ಕುಷನ್ನಿಗೆ ಇಳಕಲ್ ಬಟ್ಟೆಯೋ ಕಸೂತಿಯೋ ಹಾಕಿದರೆ ಹಾಲ್ ಎದ್ದು ಕಾಣುತ್ತದೆ. ಮನಸ್ಸು ಬದಲಾದಾಗ ಎರಡು ಮೀಟರ್ ಬದಲಿಸಿದರೆ ಮುಗಿಯಿತು.

ತಲೆಯ ಮೇಲೆ, ಅಡುಗೆಕಟ್ಟೆಯಲ್ಲಿ

ಫಾಲ್ಸ್ ಸೀಲಿಂಗ್ ಸಾಮಾನ್ಯವಾಗಿ 6ರಿಂದ 9 ಅಂಗುಲ ಎತ್ತರ ತಿನ್ನುತ್ತದೆ. ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್, ಅಂದರೆ ಸುಮಾರು 9 ಅಡಿ ಇರಬೇಕೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು. 10 ಅಡಿಯ ಹಾಲ್‌ಗೆ 8 ಅಂಗುಲ ಹೋದರೂ ತೊಂದರೆಯಿಲ್ಲ. ಒಳಎತ್ತರ ಒಂಬತ್ತೂವರೆ ಅಡಿಯೇ ಇರುವ ಫ್ಲ್ಯಾಟಿನಲ್ಲಿ ಅಷ್ಟೇ ಇಳಿಸಿದರೆ ಉಳಿಯುವುದು 8 ಅಡಿ 10 ಅಂಗುಲ. ಫ್ಯಾನಿನ ರೆಕ್ಕೆ ಇನ್ನೂ ಕೆಳಗೆ. ಸುತ್ತ 2 ಅಡಿ ಅಂಚು ಮಾತ್ರ ಮಾಡಿಸುತ್ತೇವೆ, ಖರ್ಚು ಉಳಿಯುತ್ತದೆ ಎನ್ನುವವರು ಗುಣಿಸಿ ನೋಡಲಿ: ನಡುವೆ ಬಿಟ್ಟ ಜಾಗ 8×12, ಅಂದರೆ 96 ಚದರಡಿ. ಅಂಚಿನದೂ 96 ಚದರಡಿ. ಅಂಚೆಂದರೂ ಅರ್ಧ ಛಾವಣಿ ಅದರ ಪಾಲೇ.

ಅಡುಗೆಮನೆಯಲ್ಲಿ ಕೆಂಪೋ ನೀಲಿಯೋ ಹೊಳೆಯುವ ಶಟರ್ ಹಾಕಿಸುವವರು ಮೊದಲು ಕಟ್ಟೆಯ ಎತ್ತರ ನೋಡಲಿ. ನಿಂತಾಗ ಮೊಣಕೈ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ 4-5 ಅಂಗುಲ ಕೆಳಗೆ ಕಟ್ಟೆ ಇರಬೇಕು. 5 ಅಡಿ 1 ಅಂಗುಲದವರಿಗೆ ಅದು 33-34 ಅಂಗುಲ, 5 ಅಡಿ 6 ಅಂಗುಲದವರಿಗೆ 36ರ ಮೇಲೆ. ಕಟ್ಟೆಯ ಮೇಲೆ ಸ್ಟವ್ ಕೂತರೆ ಪಾತ್ರೆಯ ಬಾಯಿ ಇನ್ನೂ ಮೇಲೇರುತ್ತದೆ, ಸಾರಿಗೆ ಸೌಟು ಹಾಕುವಾಗ ಭುಜ ಎತ್ತಬೇಕಾಗುತ್ತದೆ. ಸ್ಟವ್ ಇಡುವ ಭಾಗವನ್ನಷ್ಟೇ 3-4 ಅಂಗುಲ ತಗ್ಗಿಸಿ ಕಟ್ಟಿಸಬಹುದು. ಗ್ರಾನೈಟ್ ಕೂರಿಸುವ ಮುನ್ನ ಮೇಸ್ತ್ರಿಗೆ ಹೇಳಿದರೆ ಹೆಚ್ಚಿನ ಖರ್ಚಿಲ್ಲ, ಕೂರಿಸಿದ ಮೇಲಾದರೆ ಕಟ್ಟೆಯನ್ನೇ ಒಡೆಯಬೇಕು. ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳತೆ ತೆಗೆಯಿರಿ.

ಎರಡು ಹಾಲ್‌ಗಳ ಬಿಲ್ಲು

ಮಾದರಿ ದರ: ಬಣ್ಣ ಲೀಟರಿಗೆ 500, ಬಣ್ಣದವರ ಕೂಲಿ ಎರಡು ಕೋಟಿಗೆ ಚದರಡಿಗೆ 10, ಮೂರಕ್ಕೆ 14. ಫಾಲ್ಸ್ ಸೀಲಿಂಗ್ ಬಣ್ಣ ಸೇರಿ ಚದರಡಿಗೆ 100. ಚಿತ್ತಾರದ ಟೈಲ್ಸ್ ಹಾಸಿ ಮುಗಿಸಲು 180, ಮ್ಯಾಟ್ ವಿಟ್ರಿಫೈಡ್ 110. ಸೋಫಾದ ಮರ ಮತ್ತು ಕೂಲಿ ಎರಡಕ್ಕೂ ಒಂದೇ ಆದ್ದರಿಂದ ಬಿಟ್ಟಿದೆ.

ಮೊದಲನೆಯದು, ಎಲ್ಲೆಡೆಯೂ ಗಾಢ:
- ನಾಲ್ಕು ಗೋಡೆ, ಮೂರು ಕೋಟು: 9,720
- ಪೂರ್ತಿ ಫಾಲ್ಸ್ ಸೀಲಿಂಗ್: 19,200
- ಸೋಫಾಗೆ ದೊಡ್ಡ ಹೂವಿನ ಬಟ್ಟೆ, 32 ಡೆನ್ಸಿಟಿ ಫೋಮು: 8,880
- ಇಡೀ ನೆಲಕ್ಕೆ ಚಿತ್ತಾರದ ಟೈಲ್ಸ್: 34,560
- ಐದು ಟ್ಯೂಬ್: 1,500
- ಒಟ್ಟು: 73,860 ರೂಪಾಯಿ

ಎರಡನೆಯದು, ಆಯ್ದ ಕಡೆ ಮಾತ್ರ ಗಾಢ:
- ಒಂದು ಗೋಡೆ ಗಾಢ, ಉಳಿದವು ತಿಳಿ: 7,530
- ಛಾವಣಿಗೆ ಬಿಳಿ ಬಣ್ಣ: 2,720
- ಸೋಫಾಗೆ ಸಾದಾ ಬಟ್ಟೆ, 40 ಡೆನ್ಸಿಟಿ ಫೋಮು, ಐದು ಕುಷನ್ ಕವರ್: 10,480
- 24 ಚದರಡಿ ಚಿತ್ತಾರ, 168 ಚದರಡಿ ಮ್ಯಾಟ್ ಟೈಲ್ಸ್: 22,800
- ಎರಡು ಟ್ಯೂಬ್, ಒಂದು ಓದುವ ದೀಪ: 1,600
- ಒಟ್ಟು: 45,130 ರೂಪಾಯಿ

ಅಂತರ 28,730 ರೂಪಾಯಿ. ಎರಡನೆಯ ಹಾಲ್‌ನಲ್ಲಿ ಸೋಫಾಗೆ ಹೆಚ್ಚು ದುಡ್ಡು ಹೋಗಿದೆ, ಆದರೂ ಒಟ್ಟು ಬಿಲ್ಲು ಕಡಿಮೆ.

ಐದಾರು ವರ್ಷದ ನಂತರ ಬಣ್ಣ ಸಾಕೆನಿಸಿದಾಗಿನ ಲೆಕ್ಕ ಇನ್ನೂ ಸ್ಪಷ್ಟ. ಮೊದಲ ಹಾಲ್‌ನಲ್ಲಿ ಗಾಢವನ್ನು ಮುಚ್ಚಲು ನಾಲ್ಕೂ ಗೋಡೆಗೆ ಮೂರು ಕೋಟು, ಸೋಫಾಗೆ 12 ಮೀಟರ್ ಬಟ್ಟೆ: 16,920 ರೂಪಾಯಿ. ಪ್ರೈಮರ್ ಮತ್ತು ಸೋಫಾ ಕೂಲಿ ಬೇರೆ, ನೆಲವಂತೂ ಹಾಗೇ ಉಳಿಯುತ್ತದೆ. ಎರಡನೆಯದರಲ್ಲಿ ಒಂದು ಗೋಡೆ, ಐದು ಕವರ್: 3,630 ರೂಪಾಯಿ. ಹೆಚ್ಚುಕಡಿಮೆ ಐದನೇ ಒಂದು ಪಾಲು.

ಉಳಿದ 28,730 ರೂಪಾಯಿ ಎಲ್ಲಿಗೆ? ಬೆನ್ನಿಗೆ ಒಳ್ಳೆಯ ಹಾಸಿಗೆಗೆ, ಹಿರಿಯರಿಗೊಂದು ಕೈಯಿರುವ ಕುರ್ಚಿಗೆ, ಬಚ್ಚಲಿಗೆ ಹಿಡಿಕಂಬಿಗೆ. ಮೊದಲು ಫ್ಯಾನಿಗೆ ಕೊಡಿ. 75 ವ್ಯಾಟಿನ ಹಳೆಯದನ್ನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 197 ಯೂನಿಟ್ ಉಳಿಯುತ್ತದೆ. ತಿಂಗಳಿಗೆ 200 ಯೂನಿಟ್ ಮಿತಿಯ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಅಂಚಿನಲ್ಲಿರುವ ಮನೆಗಳಿಗೆ ತಿಂಗಳ ಆ 16 ಯೂನಿಟ್ ಸಣ್ಣದಲ್ಲ.

ಹೀಗೆ ಅಳೆದು ನೋಡಿದರೆ ಕೆಲಸದ ಕ್ರಮ ತಾನಾಗಿ ಬರುತ್ತದೆ. ಮೊದಲು ಮನೆಮಂದಿ ಎಲ್ಲೆಲ್ಲಿ ಎಷ್ಟು ಹೊತ್ತು ಕೂರುತ್ತಾರೆ, ನಿಲ್ಲುತ್ತಾರೆ, ಮಲಗುತ್ತಾರೆ ಎಂದು ಪಟ್ಟಿ ಮಾಡಿ, ಆ ಜಾಗಗಳಿಗೆ ಬೇಕಾದ ದುಡ್ಡನ್ನು ತೆಗೆದಿಡಿ. ಆಮೇಲೆ ಒಡೆಯದೆ ಬದಲಿಸಲಾಗದ ಕೆಲಸಗಳಿಗೆ, ಅಂದರೆ ನೆಲ, ಕಟ್ಟೆ, ಛಾವಣಿಗೆ, ಬಹುಕಾಲ ಒಗ್ಗುವ ಆಯ್ಕೆ ಮಾಡಿ. ಉಳಿದದ್ದೆಲ್ಲ ಬಣ್ಣಕ್ಕೆ, ಚಿತ್ತಾರಕ್ಕೆ. ಆಗ ಒಂದೂವರೆ ಲೀಟರ್ ಬಣ್ಣ, 60 ಟೈಲ್ಸ್, ಎರಡು ಮೀಟರ್ ಬಟ್ಟೆಯಲ್ಲಿ ನೀವು ಎಷ್ಟು ಧೈರ್ಯ ತೋರಿಸಿದರೂ ಅದು ಯಾರ ಬೆನ್ನಿಗೂ ಕಣ್ಣಿಗೂ ಭಾರವಾಗುವುದಿಲ್ಲ.